ಎರಡು ಗಂಟೆಯ ಬಸ್ಸಿಗೆ ಹೋದ ಸುದ್ದಿ

ಅಪ್ಪನ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದರೆ ಎಲ್ಲಿ ನೋಡಬೇಕೆಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ. ಹಾಗೆ ಆಡುವವರು ಈಗ ಹೆಚ್ಚು ಮಂದಿ ಉಳಿದಿಲ್ಲ. ಸಕಲೇಶಪುರದ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ನಮ್ಮ ಪೇಪರ್ ಅಂಗಡಿ ಇತ್ತೆಂದು ನೆನಪಿರುವ ಒಬ್ಬಿಬ್ಬರು ಮುದುಕರು ಸಿಕ್ಕಾಗ, "ನಿಮ್ಮ ತಂದೆ ಚಳವಳಿಯವರು ಕಣಮ್ಮ, ಜೈಲು ಕಂಡವರು" ಎನ್ನುತ್ತಾರೆ. ನಾನು ತಲೆಯಾಡಿಸಿ ಬೇರೆ ಮಾತು ತೆಗೆಯುತ್ತೇನೆ.

ಅಪ್ಪ ಮೈಸೂರಿನ ಒಂದು ದಿನಪತ್ರಿಕೆಗೆ ವರದಿಗಾರರಾಗಿದ್ದರು. ಅದರ ಜೊತೆಗೆ ಆ ಪತ್ರಿಕೆಗೂ ಬೆಂಗಳೂರಿನ ಇನ್ನೊಂದಕ್ಕೂ ಊರಿನ ಏಜೆಂಟರು. ಅಮ್ಮ ನಾನು ಮಿಡ್ಲ್ ಸ್ಕೂಲಿನಲ್ಲಿರುವಾಗಲೇ ತೀರಿಕೊಂಡಿದ್ದಳು. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮನೆಯಲ್ಲೇ ಉಳಿದೆ. ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಪೊರೆ ಬರತೊಡಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಪತ್ರಿಕೆಗಳ ಕಟ್ಟು ಬಂದ ತಕ್ಷಣ ಎರಡನ್ನೂ ಅವರಿಗೆ ಓದಿ ಹೇಳುವುದು, ಅವರು ಹೇಳಿದ ಸುದ್ದಿಯನ್ನು ಬರೆದುಕೊಳ್ಳುವುದು, ಕವರಿಗೆ ಹಾಕಿ ಎರಡು ಗಂಟೆಯ ಹಾಸನದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟುಬರುವುದು ನನ್ನ ಕೆಲಸವಾಯಿತು. ಹಾಸನದಲ್ಲಿ ಇನ್ನೊಂದು ಬಸ್ಸು ಹತ್ತಿ ಆ ಕವರು ರಾತ್ರಿಯ ಹೊತ್ತಿಗೆ ಮೈಸೂರು ಸೇರುತ್ತಿತ್ತು. ಮೆಲ್ಲಗೆ, ಯಾರೂ ಹೇಳದೆಯೇ, ಸಣ್ಣಪುಟ್ಟ ಸುದ್ದಿಗಳನ್ನು ನಾನೇ ಹೋಗಿ ತರತೊಡಗಿದೆ. ಸ್ಕೂಲ್ ಡೇ, ಮಹಿಳಾ ಸಮಾಜದ ಸಭೆ, ಹೊಳೆ ಉಕ್ಕಿ ಕೊಚ್ಚಿಹೋದ ಕಾಲುಸಂಕ. ಎಲ್ಲದರ ತಲೆಯ ಮೇಲೂ 'ನಮ್ಮ ವರದಿಗಾರರಿಂದ' ಎಂದಿರುತ್ತಿತ್ತು. ಆ ವರದಿಗಾರ ಲಂಗ ದಾವಣಿ ಬಿಟ್ಟು ಸೀರೆ ಉಡಲು ಆಗಷ್ಟೇ ಶುರುಮಾಡಿದ ಹುಡುಗಿ ಎಂದು ಮೈಸೂರಿನವರಿಗೆ ಗೊತ್ತಿರಲಿಲ್ಲ.

ಬೆಂಗಳೂರು ಪತ್ರಿಕೆಯ ವರದಿಗಾರರಿಗೆ ಗೊತ್ತಿತ್ತು. ಅವರು ಆಲೂರು ಕಡೆಯವರು, ಮಗ್ಗೆಯ ಒಕ್ಕಲು ಮನೆಯಿಂದ ಬಂದು ನಮ್ಮೂರಿನ ಲಾರಿ ಆಫೀಸೊಂದರಲ್ಲಿ ಗುಮಾಸ್ತರಾಗಿದ್ದರು. ಸೈಕಲ್ ಇತ್ತು, ಗಟ್ಟಿ ಕಾಲಿತ್ತು. ಹೆತ್ತೂರಿನ ಕಡೆ ಮರ ಬಿದ್ದು ರಸ್ತೆ ಕಟ್ಟಿದರೂ, ಎಡಕುಮೇರಿಯ ಕಾಡಿನಲ್ಲಿ ರೈಲು ದಾರಿಯ ಸರ್ವೆಗೆ ಬಂದವರು ಜ್ವರ ಬಂದು ಮಲಗಿದರೂ ಸುದ್ದಿ ಮೊದಲು ಬರುತ್ತಿದ್ದದ್ದು ಅವರ ಪತ್ರಿಕೆಯಲ್ಲಿ. ಅದನ್ನು ಅಪ್ಪನಿಗೆ ಓದಿ ಹೇಳುವಾಗ ನನ್ನ ದನಿ ತಾನಾಗಿ ತಗ್ಗುತ್ತಿತ್ತು. ಅಪ್ಪ ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಆ ವರದಿಗಾರರ ಕವರೂ ಅದೇ ಎರಡು ಗಂಟೆಯ ಬಸ್ಸಿಗೆ ಹೋಗುತ್ತಿತ್ತು. ಒಂದು ದಿನ ಅವರೇ ಮಾತು ತೆಗೆದರು.

"ಸ್ಕೂಲಿನ ಮಾಡು ಹಾರಿಹೋದ ಸುದ್ದಿ ನೀವೇ ಬರ್ದಿದ್ದು, ಅಲ್ವಾ?"

"ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ ಕಣ್ರೀ. ನಿಮ್ಮಪ್ಪಾರು 'ತತ್ಪರಿಣಾಮವಾಗಿ' ಅನ್ನೋ ಮಾತಿಲ್ದೆ ಒಂದು ಸುದ್ದೀನೂ ಬರ್ಯಲ್ಲ. ಇದ್ರಲ್ಲಿ ಒಂದ್ಸಲಾನೂ ಇರ್ನಿಲ್ಲ."

ನನಗೆ ನಗು ಬಂತು. ಅಪ್ಪನನ್ನು ಆಡಿಕೊಂಡದ್ದಕ್ಕೆ ನಕ್ಕೆನಲ್ಲ ಎಂದು ಮನೆಯವರೆಗೂ ಕೆನ್ನೆ ಬಿಸಿಯಾಗಿತ್ತು. ಆಮೇಲೆ ದಿನವೂ ಎರಡು ಗಂಟೆಗೆ ಮುಂಚೆಯೇ ನಾನು ಅಲ್ಲಿರುತ್ತಿದ್ದೆ. ಅವರೂ ಇರುತ್ತಿದ್ದರು. ಕಂಡಕ್ಟರು ಇಬ್ಬರ ಕವರನ್ನೂ ಒಟ್ಟಿಗೆ ಚೀಲಕ್ಕೆ ತುರುಕಿ, "ಎರಡೂ ಜೊತೇಲೇ ಹೋಯ್ತವೆ ಬುಡಿ" ಎಂದು ಕಣ್ಣು ಮಿಟುಕಿಸುತ್ತಿದ್ದ. ಮಾತಿನಲ್ಲಿ ಅದಕ್ಕಿಂತ ಮುಂದೆ ನಾವು ಹೋಗಲಿಲ್ಲ.

ಪಾಕಿಸ್ತಾನದ ಯುದ್ಧ ಮುಗಿದು ಅಕ್ಕಿಗೆ ತತ್ವಾರ ಬಂದಿದ್ದ ಕಾಲ ಅದು. ಘಾಟಿಯ ತಲೆಯಲ್ಲಿ ಗೇಟು ಹಾಕಿ ಒಂದು ಚೀಲ ಅಕ್ಕಿ ಕೆಳಗಿಳಿಯದಂತೆ ಕಾಯುತ್ತಿದ್ದರು. ರೇಷನ್ ಅಂಗಡಿಯಲ್ಲಿ ಅಮೆರಿಕದ ಕೆಂಪು ಜೋಳ ಕೊಡುತ್ತಿದ್ದರು. ಅದರ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತೋಟದ ಆಳುಗಳಿಗೆ ಸಂಬಳದ ಜೊತೆಗೆ ವಾರಕ್ಕಿಷ್ಟೆಂದು ಅಕ್ಕಿ ಕೊಡುವ ರೂಢಿ ಇತ್ತು. ಹೆತ್ತೂರು ರಸ್ತೆಯಲ್ಲಿ, ಹೇಮಾವತಿಯ ಆಚೆ ಗುಡ್ಡದ ಮೇಲಿದ್ದ ಒಂದು ಎಸ್ಟೇಟಿನಲ್ಲಿ ಅದನ್ನು ನಿಲ್ಲಿಸಿದರು. ಆಳುಗಳು ಕೆಲಸ ಬಿಟ್ಟು ತಾವು ವಾಸವಿದ್ದ ಲೈನಿನ ಮುಂದೆ ಕುಳಿತರು. ಕಾಫಿ ಕುಯ್ಲು ಮುಗಿದು ಬೀಜವೆಲ್ಲ ಒಣಗಿ ಸ್ಟೋರಿಗೆ ಸೇರಿದ್ದ ಹೊತ್ತು ಅದು.

ಆ ತೋಟದ ಸಾಹುಕಾರರು ಅಪ್ಪನ ಹಳೆಯ ಸ್ನೇಹಿತರು. ಚಳವಳಿಯ ಕಾಲದಲ್ಲಿ ಪೊಲೀಸರು ಅಪ್ಪನನ್ನು ಹುಡುಕುತ್ತಿದ್ದಾಗ ತಿಂಗಳುಗಟ್ಟಲೆ ತೋಟದೊಳಗೆ ಅಡಗಿಸಿಟ್ಟು ಅನ್ನ ಹಾಕಿದವರು. ಮುಷ್ಕರ ನಡೆಯುತ್ತಿದ್ದ ಒಂದು ಬೆಳಿಗ್ಗೆ ಅವರ ಜೀಪು ನಮ್ಮ ಅಂಗಡಿಯ ಮುಂದೆ ನಿಂತಿತು. ಅವರು ಇಳಿಯಲಿಲ್ಲ. ಅಪ್ಪನೇ ಹೋಗಿ ಒಳಗೆ ಕುಳಿತು ಬಹಳ ಹೊತ್ತು ಮಾತಾಡಿ ಬಂದರು. ಬಂದವರು ಕಾಗದ, ಪೆನ್ನು ಕೇಳಿದರು.

"ಹೇಳಿ ಅಪ್ಪ, ಬರ್ಕೊಳ್ತೀನಿ" ಎಂದೆ.

"ಬೇಡ ಮಗಾ. ಇವತ್ತು ನಾನೇ ಬರೀತೀನಿ."

ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ, ದೊಡ್ಡ ದೊಡ್ಡ ಅಕ್ಷರದಲ್ಲಿ, ಸಾಲು ಸೊಟ್ಟ ಮಾಡಿಕೊಂಡು ಬರೆದರು. ಗೋಂದನ್ನೂ ತಾವೇ ಹಚ್ಚಿದರು. ನನ್ನ ಬರವಣಿಗೆ ಅವರಿಗೆ ಸಾಕಾಯಿತೇನೋ ಎಂದು ಸ್ವಲ್ಪ ಬೇಸರ ಮಾಡಿಕೊಂಡೇ ಆ ಕವರನ್ನು ಬಸ್ ಸ್ಟ್ಯಾಂಡಿಗೆ ಒಯ್ದೆ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ಗದ್ದಲವಾಯಿತು. ಹೊಳೆಯ ಆಚೆ ಗುಡ್ಡದ ಮೇಲೆ ಬೆಂಕಿ. ನಾನು ಅಪ್ಪನ ಕೈ ಹಿಡಿದು ಹಿತ್ತಿಲಿಗೆ ಕರೆತಂದೆ. ಅವರಿಗೆ ಅಷ್ಟು ದೂರ ಕಾಣಿಸುತ್ತಿರಲಿಲ್ಲ.

"ಎಲ್ಲಿ ಮಗಾ? ಎಷ್ಟು ದೊಡ್ಡದಿದೆ?"

"ಸಾಹುಕಾರರ ಸ್ಟೋರ್ ಇರೋ ಕಡೆನೇ ಅಪ್ಪ. ಮಾಡೆಲ್ಲ ಹತ್ತಿಕೊಂಡಿದೆ. ಗಾಳಿ ನಮ್ಮ ಕಡೆಗೇ ಬೀಸ್ತಿದೆ, ಹೊಗೆ ಬರ್ತಿದೆ ನೋಡಿ."

ಅವರು ನನ್ನ ಕೈ ಬಿಡಿಸಿಕೊಂಡು ಮನೆಯ ಕಡೆಗೆ ತಿರುಗಿದರು. ಸ್ನೇಹಿತನಿಗೆ ನಷ್ಟವಾಯಿತೆಂದು ನೊಂದರು ಎಂದುಕೊಂಡೆ. ಒಳಗೆ ಬಂದು ಊಟ ಬೇಡವೆಂದು ಮಲಗಿಬಿಟ್ಟರು.

ಮರುದಿನ ಪತ್ರಿಕೆಯ ಕಟ್ಟು ಬಿಚ್ಚಿದರೆ ನಮ್ಮ ಮೈಸೂರು ಪತ್ರಿಕೆಯ ಮೊದಲ ಪುಟದಲ್ಲೇ ಸುದ್ದಿ ಇತ್ತು. ಮುಷ್ಕರ ನಿರತ ಕಾರ್ಮಿಕರು ಸ್ಟೋರಿಗೆ ಬೆಂಕಿ ಇಟ್ಟರೆಂದೂ, ತತ್ಪರಿಣಾಮವಾಗಿ ವರ್ಷದ ಕಾಫಿಯೆಲ್ಲ ಭಸ್ಮವಾಯಿತೆಂದೂ, ಕಣ್ಣಾರೆ ಕಂಡವರು ಹೀಗೆ ತಿಳಿಸಿದರೆಂದೂ ಇತ್ತು. ಬೆಂಗಳೂರು ಪತ್ರಿಕೆಯಲ್ಲಿ ಒಂದು ಅಕ್ಷರವೂ ಇರಲಿಲ್ಲ. ನಾನು ಖುಷಿಯಿಂದ ಗಟ್ಟಿಯಾಗಿ ಓದಿದೆ. ಬೀದಿಯವರೆಲ್ಲ ಕೇಳಲಿ ಎಂದೇ ಓದಿದೆ.

ಬೆಂಗಳೂರು ಪತ್ರಿಕೆಯ ವರದಿಗಾರರು ಸೈಕಲ್ ನಿಲ್ಲಿಸಿ ಅಂಗಡಿಗೆ ಬಂದರು. ಹಿಂದಿನ ಸಂಜೆ ಬೆಂಕಿ ಕಂಡ ತಕ್ಷಣ ಗುಡ್ಡ ಹತ್ತಿದವರು ಅವರು. ಇಳಿದು ಬರುವಷ್ಟರಲ್ಲಿ ಬಸ್ಸೂ ಇರಲಿಲ್ಲ, ಪೋಸ್ಟಾಫೀಸಿಗೂ ಬೀಗ.

"ಹೆಂಗೆ ಕಳ್ಸಿದ್ರಿ ಸ್ವಾಮಿ? ನಾನು ಕಣ್ಣಲ್ಲಿ ನೋಡಿ ಬಂದೋನು, ಇನ್ನೂ ಕವರ್ ಕೈಯಾಗೇ ಐತೆ."

"ಅನುಭವ ಕಣಯ್ಯ" ಎಂದರು ಅಪ್ಪ, ಅವರ ಮುಖ ನೋಡದೆ. ನಾನು ಹೆಮ್ಮೆಯಿಂದ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಪತ್ರಿಕೆಯಲ್ಲಿ ಬಂದದ್ದೇ ಪೊಲೀಸರಿಗೆ ಸಾಕಾಯಿತು. ಮುಷ್ಕರಕ್ಕೆ ಮುಂದೆ ನಿಂತಿದ್ದ ಮೂವರು ಗಂಡಸರನ್ನು ಹಿಡಿದು ಹಾಸನದ ಜೈಲಿಗೆ ಹಾಕಿದರು. ಉಳಿದವರನ್ನು ಲೈನಿನಿಂದ ಪಾತ್ರೆಪಗಡಿ ಸಮೇತ ಹೊರಗೆ ಹಾಕಲಾಯಿತು. ಅವರು ರಸ್ತೆ ಬದಿಯ ಮರಗಳ ಕೆಳಗೆ ಒಲೆ ಹೂಡಿದರು. ಮಹಿಳಾ ಸಮಾಜದವರು ಹಿಟ್ಟು, ಹಳೆ ಬಟ್ಟೆ ಒಯ್ದಾಗ ಸುದ್ದಿ ಬರೆಯಲೆಂದು ನಾನೂ ಹೋದೆ. ಬೆಂಗಳೂರು ಪತ್ರಿಕೆಯ ವರದಿಗಾರರೂ ಅಲ್ಲಿಗೆ ಬಂದಿದ್ದರು.

"ಸ್ಟೋರ್ ಸುಟ್ಟ ಜಾಗ ನೋಡ್ತೀರಾ?" ಎಂದರು. ಸಮಾಜದವರು ಬಟ್ಟೆ ಹಂಚುತ್ತಿದ್ದಾಗ ನಾವಿಬ್ಬರೂ ಮೇಲೆ ಹತ್ತಿದೆವು.

ಕಾವಲಿನವನು ಮರದ ಕೆಳಗೆ ತೂಕಡಿಸುತ್ತಿದ್ದ. ನಾಲ್ಕು ಗೋಡೆ ಕಪ್ಪಾಗಿ ನಿಂತಿದ್ದವು. ಒಳಗೆ ಒಡೆದ ಹೆಂಚು, ಮೊಳೆ, ಬೂದಿ. ಅವರು ಕೋಲಿನಿಂದ ಬೂದಿ ಕೆದಕಿದರು. ನಾನು ಗೋಡೆಯ ಮಸಿ ಮುಟ್ಟಿ ಬೆರಳು ಮೂಸಿದೆ. ಏನೋ ಸರಿಯಿಲ್ಲ ಎನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು.

"ನಮ್ಮನೇಲಿ ಒಂದು ಪಾವು ಬೀಜ ಹುರಿದರೆ ಮೂರು ಮನೆ ಆಚೆಗೆ ಗೊತ್ತಾಗುತ್ತೆ" ಎಂದೆ. "ಅವತ್ತು ಗಾಳಿ ಊರಿನ ಕಡೆಗೇ ಇತ್ತು. ಹೊಗೆ ಬಂತು. ಕಾಫಿ ವಾಸನೆ ಬರಲೇ ಇಲ್ಲ."

ಅವರು ಕೋಲು ಕೆಳಗೆ ಹಾಕಿದರು. "ನಾನು ಅವತ್ತು ಇಲ್ಲೇ ನಿಂತಿದ್ದೆ ಕಣ್ರೀ. ಹುಲ್ಲು ಸುಟ್ಟ ವಾಸ್ನೆ ಬುಟ್ರೆ ಏನೂ ಇರ್ನಿಲ್ಲ. ನಂಗೆ ಹೊಳೀಲೇ ಇಲ್ವಲ್ಲ!"

ಆಗ ತೋಟದವರು ತಾವು ಬೆಳೆದ ಕಾಫಿಯನ್ನು ತಾವೇ ಮಾರುವಂತಿರಲಿಲ್ಲ. ಮನೆ ಖರ್ಚಿಗೆಂದು ಸ್ವಲ್ಪ ಇಟ್ಟುಕೊಂಡು ಉಳಿದುದನ್ನೆಲ್ಲ, ಎಲ್ಲರ ಕಾಫಿಯನ್ನೂ ಕೂಡಿಸಿ ಮಾರುವ ಸರ್ಕಾರದ ಪೂಲಿಗೆ ಕೊಡಬೇಕಿತ್ತು. ಕಳ್ಳದಾರಿಯಲ್ಲಿ ಮಾರಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತಿತ್ತು. ಕಾಫಿಯನ್ನು ಮೊದಲೇ ಘಾಟಿ ಇಳಿಸಿ, ಖಾಲಿ ಸ್ಟೋರಿನಲ್ಲಿ ಹುಲ್ಲು ತುಂಬಿ ಬೆಂಕಿ ಕೊಟ್ಟು, ಮುಷ್ಕರದವರ ಮೇಲೆ ಹೊರಿಸಿದರೆ ಲೆಕ್ಕ ಕೇಳುವವರೇ ಇರುವುದಿಲ್ಲ. ಇಳಿಯುವ ದಾರಿಯಲ್ಲಿ ಇಬ್ಬರೂ ಒಬ್ಬರ ಮಾತಿಗೆ ಒಬ್ಬರು ಮಾತು ಸೇರಿಸುತ್ತ ಇದನ್ನೆಲ್ಲ ಬಿಡಿಸಿದೆವು. ಕಾಫಿ ಗಿಡದ ರೆಂಬೆಗಳನ್ನು ಅವರು ನನಗಾಗಿ ಬದಿಗೆ ಸರಿಸಿ ಹಿಡಿಯುತ್ತಿದ್ದರು. ಮರದ ಕೆಳಗೆ ಹಸಿದ ಮಕ್ಕಳನ್ನು ನೋಡಿ ಬಂದವಳು ನಾನು, ಆದರೂ ಅಷ್ಟು ಸಂತೋಷವಾಗಿ ಎಂದೂ ನಡೆದಿರಲಿಲ್ಲ.

"ಒಂದು ಮಾತ್ರ ಅರ್ಥ ಆಗಾಕಿಲ್ಲ" ಎಂದರು ಅವರು. "ನಿಮ್ಮಪ್ಪಾರು ಅವತ್ತು ಇಲ್ಲಿಗೆ ಬರ್ನಿಲ್ಲ. ಬೆಂಕಿ ಬಿದ್ಮೇಲೆ ಬಸ್ಸಿಲ್ಲ, ತಂತಿ ಇಲ್ಲ. ಹೆಂಗೆ ಕಳ್ಸಿದ್ರು?"

"ಸಾಹುಕಾರರ ಜೀಪಿನಲ್ಲಿ ಹಾಸನಕ್ಕೆ ಕಳ್ಸಿರಬೇಕು" ಎಂದೆ.

ಹೇಳಿದ ಮರುಗಳಿಗೆಯೇ ನನ್ನ ಕಾಲು ನಿಂತಿತು. ಅಪ್ಪ ಅವತ್ತು ಸಂಜೆ ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಮನೆಗೆ ಯಾರೂ ಬಂದಿರಲಿಲ್ಲ. ಬೆಂಕಿ ಹೇಗೆ ಉರಿಯುತ್ತಿದೆ ಎಂದು ಹಿತ್ತಿಲಿನಲ್ಲಿ ನಿಂತು ಅವರಿಗೆ ಹೇಳಿದವಳು ನಾನು. ಅದಕ್ಕೂ ಮೊದಲು ಅವರ ಕೈಯಿಂದ ಹೊರಟ ಕಾಗದವೆಂದರೆ ಒಂದೇ, ಎರಡು ಗಂಟೆಗೆ ನಾನು ಒಯ್ದು ಕೊಟ್ಟದ್ದು.

"ಯಾಕೆ ನಿಂತ್ಬುಟ್ರಿ?"

"ಮುಳ್ಳು" ಎಂದು ಬಗ್ಗಿ ಪಾದ ನೋಡಿಕೊಂಡೆ.

ಮಾರನೆಯ ದಿನ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಅದರ ಮಾರನೆಯ ದಿನ ಹೋಗಲೇಬೇಕಾಯಿತು. ಹೋದಾಗ ಅವರು ಕಂಡಕ್ಟರನನ್ನು ವಿಚಾರಿಸುತ್ತಿದ್ದರು. ನನ್ನನ್ನು ಕಂಡು ಕಂಡಕ್ಟರು, "ಇವ್ರೇ ಬಂದ್ರಲ್ಲ, ಕೇಳ್ಕಳಿ ಮಾರಾಯ. ಬೆಂಕಿ ಬಿದ್ದ ದಿನ ಎರಡು ಗಂಟೆ ಗಾಡಿಗೆ ಈ ತಾಯಿ ಕವರ್ ಕೊಟ್ರು. ಆಮ್ಯಾಕೆ ಯಾರೂ ಏನೂ ಕೊಡ್ನಿಲ್ಲ" ಎಂದು ಬಸ್ಸು ಹತ್ತಿ ಸೀಟಿ ಊದಿದ.

ಬಸ್ಸು ಹೋಯಿತು. ನಾನು ಅದು ಎಬ್ಬಿಸಿದ ಧೂಳನ್ನೇ ನೋಡುತ್ತ ನಿಂತೆ. ಅವರ ಕವರು ಇನ್ನೂ ಅವರ ಕೈಯಲ್ಲೇ ಇತ್ತು. ಕೊಟ್ಟಿರಲಿಲ್ಲ.

"ಅದರೊಳಗೆ ಏನು ಬರೆದಿತ್ತು ಅಂತ ನನಗೆ ಗೊತ್ತಿರಲಿಲ್ಲ" ಎಂದೆ.

"ಗೊತ್ತಿದ್ದಿದ್ರೆ ನೀವು ನನ್ ಜೊತೆ ಗುಡ್ಡ ಹತ್ತುತಿರ್ನಿಲ್ಲ. ಅಷ್ಟು ತಿಳೀತದೆ ನಂಗೆ." ಕವರನ್ನು ಮಡಿಚಿ ಜೇಬಿಗಿಟ್ಟರು. "ಹೋಗ್ಲಿ ಬುಡಿ. ನಾನು ಇದನ್ನ ಬರ್ಯಲ್ಲ."

ನನಗೆ ಮೊದಲು ಬಂದದ್ದು ನೆಮ್ಮದಿ. ಮನೆ ತಲುಪುವಷ್ಟರಲ್ಲಿ ಆ ನೆಮ್ಮದಿಯ ಮೇಲೇ ಅಸಹ್ಯವಾಯಿತು.

ಅಪ್ಪ ಊಟಕ್ಕೆ ಕುಳಿತಿದ್ದರು. ಸಾರು ಬಡಿಸುತ್ತ ಕೇಳಿದೆ. "ಅಪ್ಪ, ಬೆಂಕಿ ಬೀಳೋಕೆ ಮುಂಚೆ ನಿಮಗೆ ಹೇಗೆ ಗೊತ್ತಾಯ್ತು?"

ಅವರ ಕೈ ತಟ್ಟೆಯಲ್ಲೇ ನಿಂತಿತು. "ಅವತ್ತು ಜೀಪಿನಲ್ಲಿ ಅವನು ಹೇಳಿದ. ಇವತ್ತು ಸಂಜೆ ಹಚ್ಚುತ್ತಾರೆ, ಖಂಡಿತ, ಈಗಲೇ ಬರೆದು ಕಳಿಸು ಅಂದ."

"ಹಚ್ಚೋರು ಯಾರು ಅಂತ ನೀವು ಕೇಳಲಿಲ್ವಾ?"

ಅನ್ನವನ್ನು ಬೆರಳಿನಿಂದ ಕಲೆಸುತ್ತಲೇ ಇದ್ದರು. "ಆ ಮನೆ ಅನ್ನ ತಿಂದು ಜೀವ ಉಳಿಸಿಕೊಂಡಿದೀನಿ ಮಗಾ" ಎಂದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಆ ಹುಡುಗ ಯಾವಾಗಲೂ ನನಗಿಂತ ಮುಂದೆ. ನೀನು ಓದ್ತಾ ದನಿ ಸಣ್ಣ ಮಾಡ್ತೀಯಲ್ಲ, ಅದು ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ಯಾ? ಒಂದು ಸಲವಾದರೂ..." ಎಂದು ಅಲ್ಲಿಗೇ ನಿಲ್ಲಿಸಿದರು.

ಬ್ರಿಟಿಷರ ಕಾಲದಲ್ಲಿ ಸುಳ್ಳು ಹೇಳಿ ಬಿಡಿಸಿಕೊಳ್ಳಲು ಒಪ್ಪದೆ ಜೈಲಿಗೆ ಹೋದವರು ಎಂದು ಊರೆಲ್ಲ ಹೇಳುತ್ತಿದ್ದ ಅಪ್ಪ ಇವರೇ. ನಾನು ಸಾರಿನ ಪಾತ್ರೆ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅವರ ಮುಖ ನೋಡುವುದು ನನ್ನಿಂದಾಗಲಿಲ್ಲ. ಅವರಿಗೆ ಕಣ್ಣು ಮಂಜಾಗಿರುವುದೇ ಒಳ್ಳೆಯದಾಯಿತು ಎಂದುಕೊಂಡೆ.

ಕೆಲವು ದಿನ ಹಾಗೇ ಕಳೆದವು. ಆಮೇಲೊಂದು ಬೆಳಿಗ್ಗೆ ಒಬ್ಬ ಹೆಂಗಸು ಸೊಂಟದಲ್ಲಿ ಮಗು ಇಟ್ಟುಕೊಂಡು ಅಂಗಡಿಯ ಮುಂದೆ ಬಂದು ನಿಂತಳು. ಜೈಲಿನಲ್ಲಿದ್ದ ಮೂವರಲ್ಲಿ ಒಬ್ಬನ ಹೆಂಡತಿ. ಯಾರೋ ಅವಳಿಗೆ ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಹೇಳಿದ್ದರಂತೆ.

"ಬುದ್ಧಿ, ಪೇಪರ್‌ನಾಗೆ ಬರ್ದೋರು ತಾವೇ ಅಂತೆ. ಕಣ್ಣಾರೆ ಕಂಡೋರು ಅವ್ರೆ ಅಂತ ಬರ್ದೀರಂತೆ. ಯಾರು ಕಂಡೋರು ಅಂತ ಯೋಳಿ ಬುದ್ಧಿ. ಅವ್ರ ಕಾಲಿಗೆ ಬೀಳ್ತೀನಿ. ನನ್ ಗಂಡ ಅವತ್ತು ಸಂಜೆ ಈ ಮಗೀಗೆ ಜರ ಅಂತ ಲೈನಾಗೇ ಕುಂತಿದ್ದ. ಕಂಡೋರು ತಪ್ಪಾಗಿ ಕಂಡವ್ರೆ ಅಂತ ಕಾಣ್ತದೆ."

ಸುಳ್ಳು ಹೇಳಿದ್ದಾರೆ ಎಂದು ಅವಳು ಅನ್ನಲಿಲ್ಲ, ತಪ್ಪಾಗಿ ಕಂಡಿರಬೇಕು ಎಂದಳು. ಅಪ್ಪ ಎದ್ದು ಗೋಡೆ ತಡವುತ್ತ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಆ ಹೆಂಗಸು ಬಾಗಿಲನ್ನೂ ನನ್ನನ್ನೂ ನೋಡಿದಳು. "ಅವರಿಗೆ ಮೈ ಸರಿಯಿಲ್ಲ" ಎಂದೆ. ಮಗುವಿಗೆ ಹಾಲು ತಂದುಕೊಟ್ಟೆ. ಅವಳು ಹಾಲು ಕುಡಿಸಿ, ಲೋಟ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಹೋದಳು.

ನಾನು ಆಗಲೇ ಬೆಂಗಳೂರು ಪತ್ರಿಕೆಯ ವರದಿಗಾರರು ಗುಮಾಸ್ತರಾಗಿದ್ದ ಲಾರಿ ಆಫೀಸಿಗೆ ಹೋದೆ. ಗಂಡಸರೇ ತುಂಬಿದ ಆ ಜಾಗಕ್ಕೆ ಅದಕ್ಕೆ ಮೊದಲು ಕಾಲಿಟ್ಟವಳಲ್ಲ. ಅವರು ಎದ್ದು ನಿಂತರು.

"ಬರೀರಿ" ಎಂದೆ.

"ಬರ್ದ್ರೆ ನಾಳೆ ನಿಮ್ಮನೆಗೆ ಯಾವ ಮುಖ ಇಟ್ಕಂಡು ಬರ್ಲಿ? ನಿಮ್ಮಪ್ಪಾರನ್ನ ಏನಂತ ಕೇಳ್ಲಿ?"

ನನ್ನನ್ನು ಮದುವೆಗೆ ಕೇಳಬೇಕೆಂದಿದ್ದಾರೆ ಎಂಬುದು ನನಗೆ ತಿಳಿದದ್ದು ಹೀಗೆ, ಡೀಸೆಲ್ ವಾಸನೆಯ ಆ ಕೋಣೆಯಲ್ಲಿ, ಎಲ್ಲರ ಎದುರು. ಆ ಮಾತಿಗಾಗಿ ಎಷ್ಟು ದಿನದಿಂದ ಕಾದಿದ್ದೆನೋ! ಅದು ಬಂದಾಗ ತಲೆ ಎತ್ತಲಾಗಲಿಲ್ಲ. ನನ್ನ ಸಲುವಾಗಿ ಮೂವರು ಜೈಲಿನಲ್ಲಿ ಕೂತಿದ್ದರು.

"ಹಾಗಾದರೆ ನಾನೇ ಬರೀತೀನಿ. ನಿಮ್ಮ ಪೇಪರಿಗೆ ಕಳಿಸೋದಾದ್ರೆ ಕಳಿಸಿ."

ಒಳಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿದ್ದ ಲಾರಿಯ ಮಾಲೀಕರು ಹೊರಗೆ ಬಂದರು. ವಯಸ್ಸಾದ ಮುಸ್ಲಿಂ ವ್ಯಾಪಾರಿ, ಮಾತು ಕಡಿಮೆ. "ಬರ್ಕೊಳಮ್ಮ" ಎಂದರು. "ಬೆಂಕಿಗೆ ಮುಂಚಿನ ವಾರ ಆ ತೋಟದ ಲೆಕ್ಕ ಬರೆಯೋ ರೈಟರ್ ಬಂದಿದ್ದ. ಘಟ್ಟ ಇಳಿಸೋಕೆ ಎರಡು ಲಾರಿ ಬೇಕು, ಗೇಟ್‌ನವರಿಗೆ ನಾವು ಹೇಳ್ಕೋತೀವಿ ಅಂದ. ನಮ್ಮ ಗಾಡಿ ಅಂಥ ಕೆಲಸಕ್ಕೆ ಬರಲ್ಲ ಅಂದೆ. ಬೇಕಾದ್ರೆ ನನ್ನ ಹೆಸರು ಹಾಕಿ." ನನಗಾಗಿ ಸ್ಟೂಲು ಎಳೆದುಕೊಟ್ಟು ಒಳಗೆ ಹೋದರು.

ನಾನು ಬರೆದೆ. ಅವರು ಪಕ್ಕದಲ್ಲಿ ನಿಂತು ತಾವು ಕಂಡದ್ದನ್ನು ಹೇಳಿದರು. ಸುಟ್ಟ ಸ್ಟೋರು, ಬಾರದ ವಾಸನೆ, ಲಾರಿ ಕೇಳಲು ಬಂದವನು, ಎಲ್ಲ ಬಂತು. ಬೆಂಕಿಗೆ ಮೊದಲೇ ಹೊರಟ ಸುದ್ದಿಯ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. 'ಈ ಊರಿನ ಒಬ್ಬ ವರದಿಗಾರರು' ಎಂದು ಬರೆದೆ. ಊರಿನಲ್ಲಿ ಇದ್ದವರೇ ಇಬ್ಬರು.

ಅದು ಅಚ್ಚಾಗಿ ಬಂದ ದಿನ ಎಂದಿನಂತೆ ಕಟ್ಟು ಬಿಚ್ಚಿ ಅಪ್ಪನ ಮುಂದೆ ಕುಳಿತೆ. ಬೆಂಗಳೂರು ಪತ್ರಿಕೆಯ ಮೊದಲ ಪುಟದಲ್ಲಿ ಅದರ ವರದಿಗಾರರ ಹೆಸರಿನಲ್ಲಿ ಇತ್ತು. ಹಾರಿಸಿ ಓದಬಹುದಿತ್ತು. ಓದದಿದ್ದರೆ ಬೇರೆ ಯಾರಾದರೂ ಬಂದು ಹೇಳುತ್ತಿದ್ದರು. ಮೊದಲಿನಿಂದ ಕೊನೆಯವರೆಗೆ ಓದಿದೆ. ಈ ಸಲ ದನಿ ತಗ್ಗಿಸಲಿಲ್ಲ. ಅಪ್ಪ ಪಂಚೆಯ ಅಂಚನ್ನು ಮುಟ್ಟಲಿಲ್ಲ, ಕೈ ಎರಡೂ ಮೊಣಕಾಲಿನ ಮೇಲಿದ್ದವು.

ಮುಗಿದ ಮೇಲೆ ಕೇಳಿದರು. "ಇದು ಆ ಹುಡುಗನ ಬರವಣಿಗೆ ಅಲ್ಲ. ಅಲ್ವಾ?"

ನಾನು ಪತ್ರಿಕೆಯನ್ನು ಮಡಿಚಿಟ್ಟೆ.

"ಚೆನ್ನಾಗಿ ಬರೆದಿದೀಯ" ಎಂದರು. ಎದ್ದು, ಆ ಪತ್ರಿಕೆಯ ಕಟ್ಟನ್ನು ಕಂಕುಳಿಗೆ ಸೇರಿಸಿಕೊಂಡು, ಕೋಲು ಹಿಡಿದು ಬೀದಿಗೆ ಇಳಿದರು. ದಿನವೂ ಪೇಪರ್ ಹಂಚುತ್ತಿದ್ದವಳು ನಾನು. "ಅಪ್ಪ, ಕೊಡಿ, ನಾನು ಹೋಗ್ತೀನಿ" ಎಂದೆ. ಬೇಡವೆಂದು ಕೈ ಅಲ್ಲಾಡಿಸಿದರು. ಮನೆಮನೆಗೂ, ಹೋಟೆಲಿಗೂ, ಕಚೇರಿಗೂ ತಾವೇ ಹೋಗಿ ತಮ್ಮ ಸುದ್ದಿಯನ್ನು ತಾವೇ ಕೊಟ್ಟು ಬಂದರು. ಹಿಂದೆಯೇ ಹೋಗುತ್ತಿದ್ದ ನನಗೆ ಹೋಟೆಲಿನೊಳಗಿನ ನಗು ಕೇಳಿಸಿತು. ಅವರಿಗೂ ಕೇಳಿಸಿರಬೇಕು, ಕಿವಿ ಚುರುಕಾಗಿತ್ತು.

ಹಾಸನದಿಂದ ಅಧಿಕಾರಿಗಳು ಬಂದರು. ಕೋರ್ಟಿನಲ್ಲಿ ಅಪ್ಪ ಸಾಕ್ಷಿ ಹೇಳಬೇಕಾಯಿತು. ನಾನೇ ಕೈ ಹಿಡಿದು ಕರೆದೊಯ್ದೆ. "ನಾನು ಏನೂ ನೋಡಿಲ್ಲ. ಕಂಡವರು ಯಾರೂ ನನಗೆ ಹೇಳಿಲ್ಲ. ಬೆಂಕಿ ಬೀಳುವ ಮುಂಚೆ ಬರೆದೆ" ಎಂದು ಸ್ಪಷ್ಟವಾಗಿ ಹೇಳಿದರು. ತಮ್ಮನ್ನು ಉಳಿಸಿಕೊಳ್ಳುವ ಒಂದು ಮಾತೂ ಸೇರಿಸಲಿಲ್ಲ. ಹೊರಗೆ ಜಗಲಿಯಲ್ಲಿ ಆ ಹೆಂಗಸು ಕುಳಿತಿದ್ದಳು. ನಾನು ಮೆಲ್ಲಗೆ ಹೇಳಿದ ಮೇಲೆ ಅಪ್ಪ ಅವಳಿದ್ದ ಕಡೆಗೆ ತಿರುಗಿ ಕೈ ಮುಗಿದರು. ಅವಳು ಸೆರಗು ಎಳೆದುಕೊಂಡು ಮಗುವನ್ನು ಎತ್ತಿಕೊಂಡು ಕಂಬದ ಆಚೆಗೆ ಹೋಗಿ ನಿಂತಳು. ಅಪ್ಪ ಅದನ್ನು ಕಾಣದೆ ಕೈ ಮುಗಿದುಕೊಂಡೇ ಇದ್ದರು. ನಾನು ಕೈಗಳನ್ನು ಹಿಡಿದು ಕೆಳಗಿಳಿಸಿದೆ.

ಮೂವರನ್ನೂ ಬಿಟ್ಟರು. ಅವರ ಕುಟುಂಬಗಳು ಘಾಟಿ ಇಳಿದು ಎಲ್ಲಿಗೋ ಕೂಲಿಗೆ ಹೋದವೆಂದು ಕೇಳಿದೆ. ಆ ತೋಟಕ್ಕೆ ಮರಳಿ ಬರಲಿಲ್ಲ. ಸಾಹುಕಾರರ ಮೇಲಿನ ಕೇಸು ವರ್ಷಗಟ್ಟಲೆ ಎಳೆದು ಎಲ್ಲೋ ನಿಂತುಹೋಯಿತು. ಮೈಸೂರು ಪತ್ರಿಕೆಯವರು ಅಪ್ಪನನ್ನು ವರದಿಗಾರಿಕೆಯಿಂದ ತೆಗೆದರು. ಏಜೆನ್ಸಿ ಮಾತ್ರ ಉಳಿಯಿತು.

ಬೆಂಗಳೂರು ಪತ್ರಿಕೆಯ ವರದಿಗಾರರು ಬಸ್ ಸ್ಟ್ಯಾಂಡಿಗೆ ಬರುವುದನ್ನು ಬಿಟ್ಟರು. ಸ್ವಲ್ಪ ದಿನಕ್ಕೆ ಅದೇ ಪತ್ರಿಕೆಯಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರು. ಆ ವರದಿಯನ್ನು ನೋಡಿಯೇ ಕರೆದರಂತೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಎರಡು ವರ್ಷದ ಮೇಲೆ ಅಪ್ಪನ ಕಣ್ಣಿನ ಆಪರೇಷನ್ ಆಗಿ, ದಪ್ಪ ಗಾಜಿನ ಕನ್ನಡಕ ಬಂದಿದ್ದಾಗ, ಒಂದು ಮಧ್ಯಾಹ್ನ ಅವರು ತಮ್ಮ ಚಿಕ್ಕಪ್ಪನನ್ನು ಕರೆದುಕೊಂಡು ನಮ್ಮ ಅಂಗಡಿಗೆ ಬಂದರು. ಅಪ್ಪ ಅವರನ್ನು ಬಹಳ ಹೊತ್ತು ನೋಡಿದರು.

"ನಿನ್ನ ಮುಖ ಸರಿಯಾಗಿ ಕಾಣಿಸಿರಲೇ ಇಲ್ಲ ಕಣಯ್ಯ ನನಗೆ" ಎಂದರು. "ನನ್ನ ಮಗಳನ್ನ ಕೇಳೋಕೆ ಬಂದಿದ್ದರೆ, ಅವಳನ್ನೇ ಕೇಳು. ನಾನು ಬೇಡ ಅನ್ನೋ ಯೋಗ್ಯತೆ ಇಟ್ಕೊಂಡಿಲ್ಲ."

ಜಾತಿ ಬೇರೆ ಎಂದು ಎರಡೂ ಕಡೆಯವರು ಮುಖ ತಿರುಗಿಸಿದರು. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಾಯಿತು. ಅಪ್ಪ ಸಾಕ್ಷಿಯ ರುಜು ಹಾಕಲು ಪೆನ್ನು ತೆಗೆದುಕೊಂಡವರು ಅಳುಕಿ ನನ್ನ ಮುಖ ನೋಡಿದರು. "ಹಾಕಿ ಅಪ್ಪ" ಎಂದೆ.

ಆ ವರದಿಗಾಗಿ ನನ್ನ ಗಂಡನನ್ನು ಜನ ಬಹಳ ವರ್ಷ ಹೊಗಳಿದರು. ನನ್ನ ಹೆಸರು ಬೇಡವೆಂದು ಅವತ್ತು ಹಟ ಮಾಡಿದವಳು ನಾನೇ, ಆದ್ದರಿಂದ ಅವರಿಗೆ ಬಾಯಿ ಬಿಡುವಂತಿರಲಿಲ್ಲ. ಅವರು ನಿವೃತ್ತರಾದಾಗ ಆಲೂರಿನಲ್ಲಿ ಊರವರು ಸೇರಿ ಒಂದು ಸನ್ಮಾನ ಇಟ್ಟುಕೊಂಡರು. ಭಾಷಣ ಮಾಡಿದವರೊಬ್ಬರು ಬಾರದ ಕಾಫಿ ವಾಸನೆಯ ಕಥೆಯನ್ನು ರಸವತ್ತಾಗಿ ಹೇಳಿದರು. ಸುಳ್ಳು ಬರೆದ ಆ ಇನ್ನೊಬ್ಬ ವರದಿಗಾರನನ್ನು ಹಂಗಿಸಿ ಸಭೆಯನ್ನು ನಗಿಸಿದರು. ಆ ಇನ್ನೊಬ್ಬನ ಮಗಳು ಮೊದಲ ಸಾಲಿನಲ್ಲಿ ಕುಳಿತಿದ್ದಾಳೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಪ್ಪ ಆಗ ಬದುಕಿರಲಿಲ್ಲ. ನನ್ನ ಗಂಡ ಎದ್ದು, ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಎರಡೇ ಮಾತಾಡಿದರು. "ಅದನ್ನ ಬರೆದಿದ್ದು ನಾನಲ್ಲ. ನೀವು ಈಗ ನಕ್ಕಿರಲ್ಲ, ಅವರು ಕೋರ್ಟಿನಲ್ಲಿ ನಿಜ ಹೇಳಿದ್ದಕ್ಕೇ ಆ ಮೂವರು ಹೊರಗೆ ಬಂದಿದ್ದು."

ಬರೆದವರು ಯಾರು ಎಂದು ಹಿಂದಿನಿಂದ ಯಾರೋ ಕೂಗಿ ಕೇಳಿದರು. ನನ್ನ ಗಂಡ ನನ್ನ ಕಡೆ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ.